ಸುಟ್ಟದ್ದಕ್ಕೆ ದೋಷವಿಲ್ಲವೆಂದುಕೊಂಡ ಶಿವಕ್ಕ

ಶಿವಕ್ಕನ ಮನೆ ಬಾಗಿಲಿಗೆ ಬಂದವರು ಹಾಲಿನವನಾಗಲಿ, ಕರೆಂಟು ಮೀಟರು ನೋಡುವವನಾಗಲಿ, ಬಾಯಾರಿಕೆ ಎಂದರೆ ಚೊಂಬು ತುಂಬ ನೀರು ಸಿಗುತ್ತಿತ್ತು. ಕೇಳಿದರೂ ಸಿಗದಿದ್ದದ್ದು ಒಬ್ಬರಿಗೇ, ಅವಳ ಗಂಡ ಶಂಭುಲಿಂಗಪ್ಪನಿಗೆ. ಬೆಳಿಗ್ಗೆ ಎದ್ದ ಕೂಡಲೇ ಅವಳು ಒಂದು ಹಿತ್ತಾಳೆ ತಂಬಿಗೆಗೆ ಅವನ ಇಡೀ ದಿನದ ನೀರನ್ನು ಅಳೆದು ಸುರಿದು, ಅದರ ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಿದ್ದಳು. ಕಾಫಿಗೂ ಅದರಿಂದಲೇ, ಮಾತ್ರೆ ನುಂಗುವುದಕ್ಕೂ ಅದರಿಂದಲೇ. ಅವರದು ಲಿಂಗವಂತರ ಮನೆ. ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಬಳಿದು, ಆ ನೀರನ್ನು ಕುಡಿದರೇ ಊಟ ಮುಗಿದ ಹಾಗೆ. ಒಂದು ಅಗುಳೂ ಚೆಲ್ಲಬಾರದು. ಶಂಭುಲಿಂಗಪ್ಪ ಕಾಯಿಲೆ ಬಿದ್ದ ಮೇಲೂ ಅದನ್ನು ಬಿಡಲೊಲ್ಲ. ಹಾಗಾಗಿ ತಟ್ಟೆ ತೊಳೆಯುವ ಎರಡು ಚಮಚ ನೀರನ್ನೂ ಶಿವಕ್ಕ ತಂಬಿಗೆಯ ಲೆಕ್ಕಕ್ಕೇ ಹಿಡಿಯುತ್ತಿದ್ದಳು.

"ಚಿಕ್ಕಪೇಟೆ ಶೆಟ್ರೂ ನಿನ್ನಷ್ಟು ಬಿಗಿಯಾಗಿ ಅಳೆಯಲ್ಲ ಕಣೇ" ಎಂದು ಅವನು ನಗುತ್ತಿದ್ದ.

"ಶೆಟ್ರಿಗೆ ಗಂಡ ಹೋಗೋ ಭಯ ಇಲ್ವಲ್ಲ" ಎಂದು ಅವಳು ತಂಬಿಗೆಯ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿಯುತ್ತಿದ್ದಳು.

ಹರಿಹರದ ಕಡೆಯವಳು ಅವಳು. ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ಮನೆಯ ಮುಂದೆ ಇನ್ನೂ ಹುರುಳಿ ಹೊಲವಿತ್ತು. ಓದು ಎಂದರೆ ಬಸ್ಸಿನ ಬೋರ್ಡನ್ನು ಕೂಡಿಸಿ ಓದುವಷ್ಟು. ಗಂಡ ಕಾರ್ಖಾನೆಯೊಂದರಲ್ಲಿ ಟರ್ನರ್. ಹುಟ್ಟಿದ ಒಂದು ಕೂಸು ಉಳಿಯಲಿಲ್ಲ. ಆಮೇಲೆ ಅವರಿಬ್ಬರೇ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಇದ್ದುಬಿಟ್ಟರು. ಸಾವಿರದ ಒಂಬೈನೂರ ಎಪ್ಪತ್ತೇಳರ ಬೇಸಿಗೆಯಲ್ಲಿ ಅವನ ಕಾಲು ಊದಿತು. ಷೂ ಚಿಕ್ಕದಾಯಿತೆಂದು ಹೊಸ ಷೂ ಕೊಂಡರು. ಮುಖ ಊದಿದಾಗ ಮಾತ್ರ ಆಸ್ಪತ್ರೆಗೆ ಹೋದರು. ಎರಡು ಕಿಡ್ನಿಯೂ ಸತ್ತಿವೆ, ಇನ್ನು ಮಿಷನ್ನೇ ಕಿಡ್ನಿ ಎಂದರು ಅಲ್ಲಿಯ ದೊಡ್ಡ ಡಾಕ್ಟರು.

ಆಗ ಊರಿನಲ್ಲಿ ಅಂಥ ಮಿಷನ್ನುಗಳು ಬೆರಳೆಣಿಕೆ. ಆ ಆಸ್ಪತ್ರೆಯಲ್ಲಿದ್ದದ್ದು ಎರಡು, ಒಂದು ಹೊಸದು, ಒಂದು ಸೋರುವ ಹಳೆಯದು. ನೋಡಲು ಬಟ್ಟೆ ನೆನೆಹಾಕುವ ಸ್ಟೀಲಿನ ತೊಟ್ಟಿಯ ಹಾಗೆ. ತೊಟ್ಟಿಯೊಳಗೆ ಔಷಧಿಯ ನೀರು, ಅದರಲ್ಲಿ ಮುಳುಗಿದ ಒಂದು ಸುರುಳಿ. ಕೈಗೆ ಶಾಶ್ವತವಾಗಿ ಇಟ್ಟ ಸಣ್ಣ ಕೊಳವೆಯಿಂದ ರಕ್ತ ಹೊರಟು ಆ ಸುರುಳಿಯೊಳಗೆ ಸುತ್ತಿ ತೊಳೆದುಕೊಂಡು ಮತ್ತೆ ಮೈಗೆ ಬರುತ್ತದೆ. ಸುರುಳಿಯನ್ನು ಒಂದೇ ಸಲಕ್ಕೆ ಬಿಸಾಡುವಂತಿರಲಿಲ್ಲ. ತೊಳೆದು, ಕ್ರಿಮಿ ಸಾಯಲೆಂದು ಫಾರ್ಮಲಿನ್ ತುಂಬಿ, ಹೆಸರು ಕಟ್ಟಿ ಮುಂದಿನ ಸರದಿಗೆ ಇಡಬೇಕು. ಆ ಕೆಲಸ ಅಂಜಿನಯ್ಯನದು. ಮಂಗಳವಾರ, ಶುಕ್ರವಾರ ಶಂಭುಲಿಂಗಪ್ಪ ಹೋದ ಕೂಡಲೇ ಅವನು, "ಬನ್ನಿ ಸಾಹುಕಾರ್ರೇ, ನಿಮ್ಮ ಬಚ್ಚಲು ಕಾಯ್ತಾ ಇದೆ" ಎನ್ನುತ್ತಿದ್ದ.

ಮಿಷನ್ ಹಾಕಿದ ಮೊದಲ ಗಂಟೆಯಲ್ಲಿ ಏನು ತಿಂದರೂ ಮಿಷನ್ನೇ ತೊಳೆದು ಹಾಕುತ್ತದೆ ಎಂದು ಒಂದು ರಿಯಾಯಿತಿ ಇತ್ತು. ಆದ್ದರಿಂದ ಆ ವಾರ್ಡಿನಲ್ಲಿ ಆ ಒಂದು ಗಂಟೆ ಹಬ್ಬ. ಪಕ್ಕದ ಮಿಷನ್ನಿನ ಚನ್ನಕೇಶವ ಮಲ್ಲತ್ತಹಳ್ಳಿಯವನು. ಅವನ ಹೆಂಡತಿ ಯಶೋದಮ್ಮ ಮಾವಿನ ಉಪ್ಪಿನಕಾಯಿ ತಂದರೆ ಶಿವಕ್ಕ ಶೇಂಗಾ ಚಟ್ನಿ ಒಯ್ಯುತ್ತಿದ್ದಳು. ಒಬ್ಬರ ಗಂಡನಿಗೆ ಇನ್ನೊಬ್ಬರು ತುತ್ತು ಮಾಡಿ ಕೊಡುತ್ತಿದ್ದರು.

"ನಿಮ್ಮ ಚಟ್ನಿ ತಿನ್ನಕ್ಕಾದ್ರೂ ಕಿಡ್ನಿ ಕೆಡಬೇಕು ಬಿಡಿ ಶಿವಕ್ಕ" ಎಂದು ಚನ್ನಕೇಶವ ಮಲಗಿದ್ದಲ್ಲಿಂದಲೇ ಹೇಳಿದರೆ ಯಶೋದಮ್ಮ, "ಥೂ, ಬಿಡ್ತು ಅನ್ನಿ" ಎಂದು ಅವನ ತೊಡೆಗೆ ಗುದ್ದುತ್ತಿದ್ದಳು.

ಎಪ್ಪತ್ತೆಂಟರ ಮಳೆಗಾಲದಲ್ಲಿ ಅಂಜಿನಯ್ಯನ ಕಣ್ಣು ಹಳದಿಯಾಯಿತು. ಮೊದಲು ತಮಾಷೆ ಮಾಡಿದ. ಆಮೇಲೆ ಊಟ ಸೇರದು ಎಂದ. ಆಮೇಲೆ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಮಾತು ತಪ್ಪಿ, ಹೆಂಡತಿಯ ಗುರುತು ಹತ್ತದೆ ಸತ್ತನೆಂದು ವಾರ್ಡಿನಲ್ಲಿ ಸುದ್ದಿ ಬಂತು. ಅವನ ಹೆಂಡತಿ ಬಂದು ಗೋಡೆಯ ಮೊಳೆಗೆ ತೂಗುಹಾಕಿದ್ದ ಅವನ ಬುತ್ತಿ ಡಬ್ಬಿ ಕೇಳಿದಾಗ ಅದನ್ನು ತೆಗೆದುಕೊಡಲು ಯಾರ ಕೈಯೂ ಮುಂದೆ ಬರಲಿಲ್ಲ. ಆಕೆಯೇ ಸ್ಟೂಲು ಹತ್ತಿ ತೆಗೆದುಕೊಂಡಳು.

ಮಾರನೆಯ ಸರದಿಯಲ್ಲಿ ಡಾಕ್ಟರು, ಅಂಜಿನಯ್ಯನಿಗೆ ಆ ಕಾಮಾಲೆ ಯಾರ ರಕ್ತದಿಂದ ಬಂತೆಂದು ತಿಳಿಯಲು, ಎಲ್ಲರ ರಕ್ತ ತೆಗೆದು ಬೊಂಬಾಯಿಗೆ ಕಳಿಸಿದರು. ಉತ್ತರ ಬರುವ ತನಕ ಹೆಂಗಸರು ತಂತಮ್ಮ ಡಬ್ಬಿಯನ್ನು ತಂತಮ್ಮ ತೊಡೆಯ ಮೇಲೇ ಇಟ್ಟುಕೊಂಡು ಕೂತರು. ಶಿವಕ್ಕ ದಿನಾ ಬೆಳಿಗ್ಗೆ ಗಂಡನನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಅವನ ಕಣ್ಣಿನ ರೆಪ್ಪೆ ಎಳೆದು ನೋಡುತ್ತಿದ್ದಳು. ಬೆಳ್ಳಗಿತ್ತು. ಹಾಲಿನಷ್ಟು ಬೆಳ್ಳಗಿತ್ತು. ಅವಳಿಗೆ ಒಳಗೊಳಗೇ ಧೈರ್ಯ, ಇವರಲ್ಲ, ಬೇರೆ ಯಾರೋ ಎಂದು.

ಡಾಕ್ಟರು ಅವಳೊಬ್ಬಳನ್ನೇ ಕೋಣೆಗೆ ಕರೆದರು.

"ನಿಮ್ಮವರ ರಕ್ತದಲ್ಲಿದೆ ಅಮ್ಮ."

"ಸಾರ್, ಹಳದಿನೇ ಇಲ್ವಲ್ಲ. ದಿನಾ ನೋಡ್ತೀನಿ ನಾನು."

"ಅದೇ ಈ ರೋಗದ ಕುತಂತ್ರ. ನಮ್ಮಂಥೋರ ಮೈಗೆ ಹೊಕ್ಕರೆ ಮೈ ಅದರ ಮೇಲೆ ಜಗಳಕ್ಕೆ ಬೀಳುತ್ತೆ, ಆ ಜಗಳದಲ್ಲಿ ಕಾಮಾಲೆ ಆಗುತ್ತೆ, ಒಂದೊಂದು ಸಲ ಅಂಜಿನಯ್ಯನ ಥರ ಪ್ರಾಣವೇ ಹೋಗುತ್ತೆ. ಕಿಡ್ನಿ ಹೋದೋರ ಮೈಗೆ ಜಗಳ ಆಡೋ ಶಕ್ತಿ ಇಲ್ಲ. ರೋಗ ಬಂದು ಬಾಡಿಗೆದಾರನ ಹಾಗೆ ಸುಮ್ಮನೆ ಕೂತುಬಿಡುತ್ತೆ, ವರ್ಷಗಟ್ಟಲೆ. ಹೊರಗಿನೋರ ರಕ್ತ ಏರಿಸ್ತೀವಲ್ಲ, ಅದರಿಂದಲೇ ಬಂದಿರಬೇಕು. ಊಟದಿಂದ ತಟ್ಟೆಯಿಂದ ಹರಡಲ್ಲ. ರಕ್ತ ರಕ್ತಕ್ಕೆ ಸೋಕಿದರೆ ಹರಡುತ್ತೆ. ಗಾಯ ಇರೋ ಕೈಗೆ ಒಂದು ಹನಿ ಸಾಕು."

ಅಂಜಿನಯ್ಯನ ಬಿರುಕು ಬಿಟ್ಟ ಒರಟು ಬೆರಳುಗಳು ಶಿವಕ್ಕನ ಕಣ್ಣ ಮುಂದೆ ಬಂದವು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ತಿಂಗಳು ಬಿಟ್ಟು ಇನ್ನೊಂದು ಸಲ ರಕ್ತ ನೋಡೋಣ" ಎಂದರು ಡಾಕ್ಟರು. "ಕೆಲವರಿಗೆ ತಾನಾಗೇ ಹೋಗೋದೂ ಉಂಟು. ಹೋಗದೆ ಇದ್ರೆ ನಾನು ಸುಳ್ಳು ಹೇಳಲ್ಲಮ್ಮ, ಇಲ್ಲಿ ಮಿಷನ್ ಹಾಕೋದು ಕಷ್ಟ. ಅವರನ್ನ ಮುಟ್ಟೋಕೆ ನಮ್ಮ ಹುಡುಗರೇ ತಯಾರಿಲ್ಲ. ಅಲ್ಲೀ ತನಕ ಹಳೇ ಮಿಷನ್ ಮೇಲೆ ಹಾಕ್ತೀವಿ."

ಮಿಷನ್ ಬಿಟ್ಟವರು ಎಷ್ಟು ದಿನ ಇರುತ್ತಾರೆ ಎಂದು ಅವಳು ಕೇಳಲಿಲ್ಲ. ಆ ವಾರ್ಡಿನಲ್ಲಿ ಅದು ಎಲ್ಲರಿಗೂ ಗೊತ್ತಿತ್ತು.

ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹಳೆಯ ಮಿಷನ್ನನ್ನು ಮೂಲೆಗೆ ದೂಡಿದ್ದನ್ನು ನೋಡಿ ಎಲ್ಲರಿಗೂ ಅರ್ಥವಾಯಿತು. ಶಿವಕ್ಕ ಅಭ್ಯಾಸಬಲದಿಂದ ಚಟ್ನಿಯ ಡಬ್ಬಿ ಚಾಚಿದಾಗ ಯಶೋದಮ್ಮ ಅದನ್ನು ನೋಡದವಳ ಹಾಗೆ ಕುಂಕುಮ ಸರಿಮಾಡಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಅವಳೇ, "ತಪ್ಪು ತಿಳ್ಕೋಬೇಡಿ ಕಣಕ್ಕ. ನಂಗೆ ಭಯ" ಎಂದಳು. ಶಿವಕ್ಕನಿಗೆ ಸಿಟ್ಟು ಬರಲಿಲ್ಲ. ಅವಳಿಗೂ ಅದೇ ಭಯ. ಮನೆಯಲ್ಲಿ ಅವನ ಕೈಯ ಕೊಳವೆಯ ಪಟ್ಟಿ ಬಿಚ್ಚಿ ಕಟ್ಟುವಾಗ ಅವಳೂ ಉಸಿರು ಹಿಡಿಯುತ್ತಿದ್ದಳು.

ವಿಜಯನಗರದಲ್ಲಿದ್ದ ಬಸವರಾಜೇಶ್ವರಿ, ಶಂಭುಲಿಂಗಪ್ಪನ ಅಕ್ಕ, ವಿಷಯ ಕೇಳಿದವಳೇ ಓಡಿ ಬಂದಳು.

"ಕಾಮಾಲೆ ತಾನೇ? ಅದಕ್ಯಾಕೆ ಇಷ್ಟು ಅಳ್ತಾ ಕೂತಿದೀಯ? ಬ್ಯಾಡರಹಳ್ಳಿ ಬೈರಪ್ಪನ ಹತ್ರ ಮೂರು ಬೆಳಿಗ್ಗೆ ಔಷಧಿ ಕುಡಿದು ಎಷ್ಟು ಜನ ಎದ್ದು ಓಡಾಡ್ತಾ ಇದಾರೆ."

"ಇವರಿಗೆ ಹಳದಿ ಇಲ್ಲ ಅಕ್ಕ."

"ಹೊರಗಿಲ್ಲ ಅಂದ್ರೆ ಒಳಗಿದೆ ಅಂತ ಕಣೇ. ಒಳಗಿಂದ ತೊಳೀಬೇಕು. ತಿಂಗಳೊಳಗೆ ರಕ್ತದಿಂದ ಹೋಗ್ಬೇಕು ಅಂತ ಆ ಡಾಕ್ಟ್ರೇ ಹೇಳಿದಾರಲ್ಲ. ಹೋಗೋಕೆ ಅವರು ಏನು ಕೊಟ್ರು?"

ಡಾಕ್ಟರು ಏನೂ ಕೊಟ್ಟಿರಲಿಲ್ಲ. ಇದಕ್ಕೆ ಔಷಧಿ ಇಲ್ಲ ಎಂದಿದ್ದರು. ಏನೂ ಕೊಡದವರ ಮಾತಿಗಿಂತ ಏನಾದರೂ ಕೊಡುವವರ ಮಾತು ಹೆದರಿದ ಮನಸ್ಸಿಗೆ ಗಟ್ಟಿಯಾಗಿ ಕೇಳುತ್ತದೆ.

ಭಾನುವಾರ ಇಬ್ಬರೂ ಮಾಗಡಿ ರಸ್ತೆಯ ಬಸ್ಸು ಹಿಡಿದು ಬ್ಯಾಡರಹಳ್ಳಿಗೆ ಹೋದರು. ಬೈರಪ್ಪ ಜಗಲಿಯ ಮೇಲೆ ಕೂತು ನೆಲನೆಲ್ಲಿಯ ಬೇರಿನ ಮಣ್ಣು ಕೊಡವುತ್ತಿದ್ದ. ಕಾಸು ಮುಟ್ಟುವವನಲ್ಲ, ವೀಳ್ಯದೆಲೆ ಅಡಿಕೆ ಇಟ್ಟರೆ ಸಾಕು. ಕಾಯಿಲೆಯವನು ಯಾರು, ವಯಸ್ಸೆಷ್ಟು, ಎಷ್ಟು ದಿನವಾಯಿತು ಎಂದೆಲ್ಲ ಕೇಳಿದ. ಆಮೇಲೆ ತಲೆ ಎತ್ತಿ ಕೇಳಿದ.

"ಉಚ್ಚೆ ಎಂಗೋಯ್ತದೆ? ಸಲೀಸಾ?"

ಶಂಭುಲಿಂಗಪ್ಪನಿಗೆ ವರ್ಷದಿಂದ ಮೂತ್ರವೇ ಇಲ್ಲ. ಪರ ಗಂಡಸಿನ ಮುಂದೆ ಗಂಡನ ಆ ಮಾತನ್ನು ಹೇಗೆ ಆಡುವುದೆಂದು ಶಿವಕ್ಕ ನೆಲ ನೋಡುವಷ್ಟರಲ್ಲಿ ಬಸವರಾಜೇಶ್ವರಿ, "ಎಲ್ಲಾ ಸರಿಯಾಗಿದೆ" ಎಂದುಬಿಟ್ಟಳು. ಕಿಡ್ನಿಯ ವಿಷಯ ಎತ್ತಿದರೆ ಔಷಧಿ ಕೊಡಲಾರ ಎಂಬ ಹೆದರಿಕೆ ಅವಳಿಗೆ. ಶಿವಕ್ಕ ಅದನ್ನು ತಿದ್ದದೆ ವೀಳ್ಯದೆಲೆ ಅಡಿಕೆಯನ್ನು ಜಗಲಿಯ ಮೇಲಿಟ್ಟಳು. ಬೈರಪ್ಪ ತಲೆಯಾಡಿಸಿ ಒಳಗೆ ಹೋದ.

ಅರೆದ ಸೊಪ್ಪಿನ ಮೂರು ಉಂಡೆಯ ಜೊತೆಗೆ ಒಂದು ಕಾಗದದ ಪೊಟ್ಟಣವನ್ನೂ ಕೊಟ್ಟ. "ಸಮುದ್ರದುಪ್ಪು ಮುಟ್ಟಂಗಿಲ್ಲ ಕಣವ್ವಾ. ಸಪ್ಪೆ ತಿನ್ನಕ್ಕಾಗ್ದು ಅಂದ್ರೆ ಇದ ಆಕು. ಬಾಳೆದಿಂಡು, ಉತ್ತರಾಣಿ ಸುಟ್ಟು, ಬೂದಿ ಕದಡಿ, ತಿಳಿನ ಕಾಸಿ ಇಳಿಸಿರೋ ಉಪ್ಪು. ಎಂಟು ದಿಸ ಆಕು."

ಬಸ್ಸಿನಲ್ಲಿ ಶಿವಕ್ಕ ಆ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು ಯೋಚಿಸಿದಳು. ಅವಳು ಡಾಕ್ಟರು ಹೇಳಿದ್ದರಲ್ಲಿ ಒಂದನ್ನೂ ಮರೆತವಳಲ್ಲ. ಉಪ್ಪು ಬೇಡ, ಎಳನೀರು ಬೇಡ, ಕಿತ್ತಳೆ ಬೇಡ, ಬಾಳೆಹಣ್ಣಂತೂ ಕಣ್ಣಿಗೂ ಬೀಳಬಾರದು. ತರಕಾರಿಯನ್ನು ಬೇಯಿಸಿ, ಆ ನೀರು ಬಸಿದು ಚೆಲ್ಲಿ ಕೊಡಬೇಕು.

"ಅಕ್ಕ, ಇದೂ ಬಾಳೆಗಿಡವೇ ಅಲ್ವಾ?"

"ಸುಟ್ಟಿದಾರಲ್ಲೇ! ಸಗಣಿ ಸುಟ್ಟು ವಿಭೂತಿ ಮಾಡ್ತೀವಿ. ಅದರಲ್ಲಿ ಸಗಣಿ ಇದೆಯಾ? ಹಣೆಗೆ ಹಚ್ತೀವಿ, ನಾಲಿಗೆಗೂ ಇಡ್ತೀವಿ. ಬೆಂಕಿಗೆ ಬಿದ್ದ ಮೇಲೆ ದೋಷ ಎಲ್ಲಿ ಉಳಿಯುತ್ತೆ?"

ಆ ಮಾತು ಶಿವಕ್ಕನ ಮನಸ್ಸಿಗೆ ನಾಟಿತು. ಬೂದಿ ಎಂದರೆ ಎಲ್ಲ ಮುಗಿದು ಉಳಿದದ್ದು, ಶುದ್ಧವಾದದ್ದು. ಹುಟ್ಟಿದಂದಿನಿಂದ ಹಣೆಯ ಮೇಲೆ ಅದನ್ನು ಧರಿಸಿಕೊಂಡೇ ಬಂದವಳು ಅವಳು.

ಸೋಮವಾರ ಬೆಳಿಗ್ಗೆ ಲಿಂಗಪೂಜೆಯಾದ ಮೇಲೆ ಮೊದಲ ಉಂಡೆಯನ್ನು ಮೇಕೆಯ ಹಾಲಿನಲ್ಲಿ ಕದಡಿ ಕೊಟ್ಟಳು. ಎಷ್ಟು ಹಾಲೋ ಅಷ್ಟು ನೀರನ್ನು ತಂಬಿಗೆಯಿಂದ ತೆಗೆದು ಹೊರಗೆ ಚೆಲ್ಲಿದಳು. ಲೆಕ್ಕ ತಪ್ಪಬಾರದಲ್ಲ. ಮಧ್ಯಾಹ್ನ ಸಾರಿಗೆ ಆ ಬೂದಿಯುಪ್ಪನ್ನು ಹಾಕಿದಳು.

ಶಂಭುಲಿಂಗಪ್ಪ ಮೊದಲ ತುತ್ತು ಬಾಯಿಗಿಟ್ಟು ಕೈ ತಡೆದ.

"ಏನೇ ಇದು?"

"ಯಾಕೆ? ಚೆನ್ನಾಗಿಲ್ವಾ?"

"ಉಪ್ಪಿದೆಯಲ್ಲೇ! ಕೊನೆಗೂ ಕರುಣೆ ಬಂತಾ ತಾಯಿ ನಿನಗೆ?"

ವರ್ಷವಾಗಿತ್ತು ಅವನು ಮನೆಯ ಊಟದಲ್ಲಿ ಉಪ್ಪು ಕಂಡು. ತುಸು ಕಹಿ ಇದ್ದರೂ ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಅವನು ಉಣ್ಣುವುದನ್ನು ನೋಡುತ್ತ ಕೂತ ಶಿವಕ್ಕನಿಗೆ ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ತುಸು ಸರಿದಂತಾಯಿತು. ಮಂಗಳವಾರ ಮಿಷನ್ ಮೇಲೆ ಮಲಗಿ ಚೆನ್ನಾಗಿಯೇ ಎದ್ದು ಬಂದ. ಔಷಧಿ ಒಗ್ಗಿತು ಎಂದುಕೊಂಡಳು. ಮಿಷನ್ನು ತೊಳೆದು ಹಾಕಿತು ಎಂದು ಹೊಳೆಯಲಿಲ್ಲ. ಆ ಧೈರ್ಯದಲ್ಲಿ ಬುಧವಾರ ಸಾರಿಗೂ ಹಾಕಿದಳು, ಪಲ್ಯಕ್ಕೂ ಹಾಕಿದಳು, ಅವನು ಕೇಳಿದನೆಂದು ರಾತ್ರಿಯ ಗಂಜಿಗೂ ಒಂದು ಚಿಟಿಕೆ ಉದುರಿಸಿದಳು.

ಗುರುವಾರ ಬೆಳಿಗ್ಗೆ ಅವನು ಮಂಚದ ಅಂಚಿಗೆ ಬಂದು ಕೂತ. ಏಳಲಿಲ್ಲ.

"ಶಿವಕ್ಕಾ, ಕಾಲನ್ನ ಎಲ್ಲೋ ಬಿಟ್ಟು ಬಂದ ಹಾಗಿದೆ ಕಣೇ."

"ತಮಾಷೆ ಸಾಕು, ಏಳಿ."

"ತಮಾಷೆ ಅಲ್ಲ." ಅವನ ನಾಲಿಗೆ ದಪ್ಪಗಾಗಿತ್ತು. "ತುಟಿಯೆಲ್ಲ ಜುಮು ಜುಮು ಅಂತಿದೆ."

ಅವಳು ಅವನ ಎದೆಯ ಮೇಲೆ ಅಂಗೈ ಇಟ್ಟಳು. ಒಂದು ಬಡಿತ ಬಂತು. ಆಮೇಲೆ ಏನೂ ಇಲ್ಲ. ಅಂಗೈ ಒತ್ತಿದಳು. ಏನೂ ಇಲ್ಲ. ಕಿವಿಯಲ್ಲಿ ತನ್ನದೇ ರಕ್ತ ಧುಮುಕುವ ಸದ್ದು ಕೇಳುತ್ತಿರುವಾಗ, ಬಾವಿಯ ತಳದಿಂದ ಬಂದ ಹಾಗೆ, ಇನ್ನೊಂದು ಬಡಿತ ಬಂತು.

ಎದುರು ಮನೆಯ ಗುರುಸಿದ್ದಯ್ಯ ಅವನನ್ನು ಹೊತ್ತು ಆಟೋಗೆ ಹಾಕಿದ. ಆಸ್ಪತ್ರೆಯ ದಾರಿಯುದ್ದಕ್ಕೂ ಅವಳು ಆ ಎದೆಯಿಂದ ಕೈ ತೆಗೆಯಲಿಲ್ಲ. ತೆಗೆದರೆ ನಿಂತುಹೋಗುತ್ತದೆ ಎನ್ನಿಸುತ್ತಿತ್ತು. ಅದರ ಜೊತೆಗೇ ಇನ್ನೊಂದು ಯೋಚನೆ. ನಾಟಿ ಔಷಧಿ ಕೊಟ್ಟೆ ಎಂದರೆ, ಇಂಥವಳ ಗಂಡನಿಗೆ ಮಿಷನ್ ಯಾಕೆ ದಂಡ ಎಂದು ಇವತ್ತೇ ಹೆಸರು ಹೊಡೆದುಹಾಕುತ್ತಾರೆ. ಹೇಳದಿದ್ದರೆ? ಹೇಳದಿದ್ದರೂ ಗೊತ್ತಾಗಬಹುದು. ಗೊತ್ತಾಗದೆಯೂ ಹೋಗಬಹುದು.

ಡಾಕ್ಟರು ಎದೆಗೆ ತಂತಿ ಅಂಟಿಸಿ, ಪೆಟ್ಟಿಗೆಯಿಂದ ಹೊರಬರುತ್ತಿದ್ದ ಕಾಗದದ ಗೆರೆ ನೋಡಿದವರೇ ಅವಳ ಕಡೆ ತಿರುಗಿದರು.

"ಏನು ತಿನ್ನಿಸಿದ್ರಿ? ಎಳನೀರಾ? ಬಾಳೆಹಣ್ಣಾ? ಬೇಗ ಹೇಳಿ."

"ಇಲ್ಲ ಸಾರ್, ಅದೆಲ್ಲ..." ಎಂದವಳು ಗಂಡನ ಮುಖ ನೋಡಿದಳು. ಅವನ ದವಡೆ ಜೋಲುತ್ತಿತ್ತು. "ಕೊಟ್ಟೆ ಸಾರ್. ಕಾಮಾಲೆಗೆ ಸೊಪ್ಪು ಕೊಟ್ಟೆ. ಬಾಳೆದಿಂಡು ಸುಟ್ಟ ಬೂದಿಯುಪ್ಪು ಕೊಟ್ಟೆ. ಸುಟ್ಟಿದ್ದಲ್ವಾ ಅಂತ..."

"ಬೂದಿಯಲ್ಲೇ ಅಮ್ಮಾ ಇರೋದು! ಬೆಂಕಿಗೆ ನೀರು ಹೋಗುತ್ತೆ, ನಾರು ಹೋಗುತ್ತೆ. ಬಾಳೆಹಣ್ಣು ಬೇಡ ಅಂತ ಯಾವುದಕ್ಕೆ ಹೇಳಿದ್ನೋ ಆ ಪೊಟ್ಯಾಸಿಯಂ ಸುಡಲ್ಲ. ಅದೊಂದೇ ಉಳಿದುಕೊಳ್ಳೋದು."

ನರಕ್ಕೆ ಒಂದು ದಪ್ಪ ಸಿರಿಂಜಿನಷ್ಟು ಔಷಧಿಯನ್ನು ಮೆಲ್ಲಗೆ ಬಿಟ್ಟರು. ಕಾಗದದ ಗೆರೆ ತುಸು ಸರಿಹೋಯಿತು. "ಇದು ಸ್ವಲ್ಪ ಹೊತ್ತು ಹಿಡಿದಿಡುತ್ತೆ ಅಷ್ಟೇ. ಈಗಲೇ ಮಿಷನ್ ಹಾಕಬೇಕು. ವೆಂಕಟೇಶ್!"

ಅಂಜಿನಯ್ಯನ ಜಾಗಕ್ಕೆ ಬಂದಿದ್ದ ವೆಂಕಟೇಶ್ ಬಾಗಿಲಲ್ಲೇ ನಿಂತ.

"ನನ್ನ ಕೈಲಾಗಲ್ಲ ಸಾರ್."

"ಏನಯ್ಯಾ ಹಾಗಂದ್ರೆ?"

"ಮಂಗಳವಾರ ಕೊಳವೆ ಜಾರಿ ಇವರ ರಕ್ತ ನನ್ನ ಮುಖಕ್ಕೆ ಸಿಡೀತು ಸಾರ್. ಅವತ್ತಿಂದ ಕನ್ನಡೀಲಿ ಕಣ್ಣು ನೋಡ್ಕೊಳ್ಳೋದೇ ಆಗಿದೆ ನನಗೆ. ಕೆಲಸದಿಂದ ತೆಗೀರಿ ಬೇಕಾದ್ರೆ. ಅಂಜಿನಯ್ಯನ್ನ ಮಣ್ಣು ಮಾಡಿ ಬಂದೋನು ನಾನು."

ಡಾಕ್ಟರು ನರ್ಸಿನ ಕಡೆ ನೋಡಿದರು. ಆಕೆ ಬಸುರಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಹಿಂದಕ್ಕೆ ಸರಿದಳು.

"ನಾನು ಜೋಡಿಸ್ತೀನಿ" ಎಂದರು ಡಾಕ್ಟರು ಕೊನೆಗೆ. "ಆದ್ರೆ ಇನ್ನೆರಡು ಕೈ ಬೇಕು. ಕೊಳವೆ ಹಿಡಿಯೋಕೆ. ಆಮೇಲೆ ಸುರುಳಿ ತೊಳೆಯೋಕೆ."

"ನಾನು ಹಿಡ್ಕೋತೀನಿ ಸಾರ್" ಎಂದಳು ಶಿವಕ್ಕ.

"ನಿಮಗೆ ಗೊತ್ತಲ್ಲ ಅಮ್ಮಾ, ಅಂಜಿನಯ್ಯನಿಗೆ ಏನಾಯ್ತು ಅಂತ?"

"ಗೊತ್ತು."

"ಕೈ ತೋರಿಸಿ. ಗಾಯ ಗೀಯ ಏನಾದ್ರೂ ಇದೆಯಾ?"

ಹಿಂದಿನ ದಿನ ಪಲ್ಯಕ್ಕೆ ಹೀರೇಕಾಯಿ ಹೆಚ್ಚುವಾಗ ಈಳಿಗೆಮಣೆ ಅವಳ ಬಲ ಹೆಬ್ಬೆರಳನ್ನು ಕಚ್ಚಿತ್ತು. ಅರಿಸಿನ ಒತ್ತಿದ ಸೀಳು ಇನ್ನೂ ಬಾಯಿ ಬಿಟ್ಟುಕೊಂಡೇ ಇತ್ತು. ಅವಳು ಅಂಗೈ ಮೇಲೆ ಮಾಡಿ ಹೆಬ್ಬೆರಳನ್ನು ಒಳಕ್ಕೆ ಮಡಚಿ ಎರಡೂ ಕೈ ಚಾಚಿದಳು.

"ಇಲ್ಲ ಸಾರ್."

ಡಾಕ್ಟರು ಒಂದು ಗಳಿಗೆ ಆ ಕೈಗಳನ್ನೇ ನೋಡಿದರು. ಮಂಚದ ಮೇಲೆ ಶಂಭುಲಿಂಗಪ್ಪ ಗೊರಗೊರ ಎಂದ. ಅವರು ಬಿಸಿನೀರಿನಲ್ಲಿ ಕುದಿಸಿ ಕುದಿಸಿ ಅಂಟಂಟಾಗಿದ್ದ ಒಂದು ಜೊತೆ ಗ್ಲೌಸು ತೆಗೆದು ಅವಳ ಕೈಗೆ ಕೊಟ್ಟರು. ಹೆಬ್ಬೆರಳನ್ನು ಒಳಗೆ ತೂರಿಸುವಾಗ ಸೀಳು ಎಳೆದು ಕಣ್ಣಲ್ಲಿ ನೀರು ಬಂತು. ಅವಳು ಮುಖ ಆಚೆ ತಿರುಗಿಸಿದಳು.

ಅವನ ರಕ್ತ ಕೊಳವೆಗೆ ಬಂದಾಗ ಅದು ಬೆಚ್ಚಗಿರುತ್ತದೆ ಎಂಬುದು ಅವಳಿಗೆ ಮೊದಲ ಸಲ ಕೈಗೆ ಗೊತ್ತಾಯಿತು. ಇಷ್ಟು ವರ್ಷ ಜೊತೆಯಲ್ಲಿ ಮಲಗಿದವನ ಬಿಸಿಯೇ ಅದು. ಆದರೂ ಹಾವನ್ನು ಹಿಡಿದ ಹಾಗೆ ಹಿಡಿದಳು. ತೊಟ್ಟಿ ಗುಡುಗುಡು ಎಂದು ತಿರುಗಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವನ ಕಾಲ ಬೆರಳು ಅಲ್ಲಾಡಿತು. ಆಮೇಲೆ ಕಣ್ಣು ಬಿಟ್ಟ.

"ಕೈಗೆ ಏನೇ ಅದು? ಭಾರಿ ಷೋಕಿ!" ಎಂದ. ನಾಲಿಗೆ ತೆಳ್ಳಗಾಗಿತ್ತು.

ಅವಳು ಕೊಳವೆಯನ್ನು ಬಿಡದೆ ಮೊಣಕೈಯಿಂದಲೇ ಅವನ ಹೊದಿಕೆ ಸರಿಮಾಡಿದಳು.

ಡಾಕ್ಟರು ಕೊಳವೆ ಬಿಚ್ಚಿ ಸುರುಳಿಯನ್ನು ಅವಳ ಕೈಗಿತ್ತು, ಮೂಲೆಯ ನಲ್ಲಿಯ ಹತ್ತಿರ ಹೇಗೆ ತೊಳೆಯಬೇಕೆಂದು ದೂರ ನಿಂತು ಹೇಳಿಕೊಟ್ಟರು. ಮೊದಲು ಕೆಂಪು ನೀರು ಬಂತು. ಆಮೇಲೆ ದಾಸವಾಳ ಕದಡಿದ ಹಾಗೆ. ಆಮೇಲೆ ತಿಳಿ. ಫಾರ್ಮಲಿನ್ನಿನ ಘಾಟಿಗೆ ಮೂಗು ಉರಿಯಿತು.

"ಕೇಳಿ ಅಮ್ಮ" ಎಂದರು ಡಾಕ್ಟರು. ಸಿಟ್ಟು ಇಳಿದ ದನಿ. "ಈ ಹಳೇ ಮಿಷನ್ ಇವರಿಗೇ ಇರಲಿ. ಇವರ ಕೆಲಸ ಎಲ್ಲ ನೀವೇ ಮಾಡೋದಾದ್ರೆ ಮುಂದಿನ ರಕ್ತ ಏನೇ ಬರಲಿ, ನಾನು ಇವರನ್ನ ಕೈ ಬಿಡಲ್ಲ. ನಿಮ್ಮ ರಕ್ತವನ್ನೂ ತಿಂಗಳು ತಿಂಗಳು ಕೊಡಬೇಕು. ಆಗುತ್ತಾ?"

"ಆಗುತ್ತೆ ಸಾರ್."

ಅವರು ಹೋದರು. ಶಿವಕ್ಕ ನಲ್ಲಿಯ ಮುಂದೆ ಒಬ್ಬಳೇ ನಿಂತಳು. ಬಲಗೈ ಗ್ಲೌಸಿನೊಳಗೆ ಹೆಬ್ಬೆರಳ ಸುತ್ತ ಒದ್ದೆ ಒದ್ದೆ. ಬೆವರಿರಬಹುದು. ತೊಳೆಯುವಾಗ ಮಣಿಕಟ್ಟಿನಿಂದ ಇಳಿದ ನೀರಿರಬಹುದು. ಕಳಚಿ ನೋಡಿದರೆ ಗೊತ್ತಾಗುತ್ತಿತ್ತು. ಬಹಳ ಹೊತ್ತು ಕಳಚಲಿಲ್ಲ. ಕೊನೆಗೆ ಬೆರಳು ಬೆರಳಾಗಿ ಎಳೆದು ತೆಗೆದಳು. ಅರಿಸಿನವೆಲ್ಲ ತೊಳೆದುಹೋಗಿ ಸೀಳು ಮೀನಿನ ಬಾಯಿಯ ಹಾಗೆ ಬೆಳ್ಳಗಿತ್ತು. ಗ್ಲೌಸಿನ ಹೆಬ್ಬೆರಳ ತುದಿಯಲ್ಲಿ ಒಂದು ತೂತಿತ್ತೋ, ಸುಕ್ಕಿತ್ತೋ, ಆ ಮಬ್ಬು ಬೆಳಕಿನಲ್ಲಿ ಅವಳಿಗೆ ಕಾಣಲಿಲ್ಲ. ಬಾಯಿಗೆ ಹಚ್ಚಿ ಊದಿ ನೋಡಬಹುದಿತ್ತು. ಊದಲಿಲ್ಲ. ಮಡಚಿ ಕುದಿಸುವ ಪಾತ್ರೆಗೆ ಹಾಕಿದಳು.

ನರ್ಸು ಬಾಗಿಲಲ್ಲಿ ನಿಂತು ದೂರದಿಂದಲೇ ಕೇಳಿದಳು, "ಅಮ್ಮಾ, ಇವತ್ತು ಆಯ್ತಲ್ಲ, ಇನ್ನು ಸೋಮವಾರ ಹಾಕೋಣ ಅಂದಿದಾರೆ. ಬರ್ತೀರಾ?"

"ಬರ್ತೀನಿ" ಎಂದಳು ಶಿವಕ್ಕ, ಹೆಬ್ಬೆರಳನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ.